ತಾಯಿ ಆನೆಗೆ ದಂತ ಇಲ್ಲ

ಮಾನ್ಯ ಸಂಪಾದಕರೇ,

ತಾಯಿಪ್ರೀತಿಯ ಚಿತ್ರಪುಸ್ತಕ ಎಂದರೆ ಹೊಟ್ಟೆಚೀಲದ ಕಾಂಗರೂ, ಹಿಮದ ಮೇಲಿನ ಪೆಂಗ್ವಿನ್, ಬಿಳಿ ಕರಡಿ. ಕಾಸರಗೋಡಿನ ಮಕ್ಕಳ ಕೈಗೂ ಸಿಗುವುದು ಹೆಚ್ಚಾಗಿ ಇವೇ. ನಮ್ಮ ಊರಿನ ಪ್ರಾಣಿಗಳ ಬಗ್ಗೆ ಕನ್ನಡದಲ್ಲಿ ಅಂಥ ಪುಸ್ತಕ ಮಾಡಲು ಹೊರಟವರಿಗೂ, ಅದನ್ನು ಶಾಲೆಗೆ, ಅಂಗನವಾಡಿಗೆ ಕೊಳ್ಳುವವರಿಗೂ ಕೆಲವು ಮಾತು ಹೇಳಬೇಕಾಗಿದೆ. ಪ್ರಾಣಿ ನಮ್ಮದಾದರೆ ಸಾಲದು, ಆ ತಾಯಿ ನಿಜಕ್ಕೂ ಮಾಡುವ ಕೆಲಸವೇ ಚಿತ್ರದಲ್ಲಿ ಇರಬೇಕು.

ಆನೆಯಿಂದಲೇ ಶುರುಮಾಡೋಣ. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆಯ ಮಕ್ಕಳಿಗೆ ಆನೆ ಎಂದರೆ ತೋಟಕ್ಕೆ ನುಗ್ಗಿ ಬಾಳೆ, ಕಂಗು (ಅಡಿಕೆ ಮರ) ಮುರಿದು ಹೋಗುವ ಪ್ರಾಣಿ. ಅವರ ಮುಂದೆ ತಪ್ಪು ಚಿತ್ರ ನಡೆಯುವುದಿಲ್ಲ. ನಮ್ಮ ದೇಶದ ಹೆಣ್ಣಾನೆಗೆ ಹೊರಗೆ ಚಾಚಿದ ದಂತ ಇರುವುದಿಲ್ಲ. ಆದರೂ ದಂತವಿಲ್ಲದಿದ್ದರೆ ಆನೆಯಂತೆ ಕಾಣದು ಎಂದುಕೊಂಡು ಕಲಾವಿದರು ತಾಯಿಗೂ ಎರಡು ದಂತ ಅಂಟಿಸುತ್ತಾರೆ. ಕಿವಿಯನ್ನು ಭುಜ ಮುಚ್ಚುವಷ್ಟು ದೊಡ್ಡದು ಮಾಡಿದರೆ ಅದು ಆಫ್ರಿಕದ ಆನೆಯಾಗುತ್ತದೆ. ಇವೆರಡಕ್ಕಿಂತ ದೊಡ್ಡ ತಪ್ಪು ಹಾಲುಣಿಸುವ ಚಿತ್ರದಲ್ಲಿ. ಆನೆಯ ಕೆಚ್ಚಲು ದನದಂತೆ ಹಿಂಗಾಲುಗಳ ನಡುವೆ ಅಲ್ಲ, ಮುಂಗಾಲುಗಳ ನಡುವೆ ಇದೆ. ಮರಿ ಸೊಂಡಿಲಿನಿಂದ ಹಾಲು ಹೀರುವುದಿಲ್ಲ. ಸೊಂಡಿಲನ್ನು ಮೇಲಕ್ಕೆ ಮಡಚಿ ಬಾಯಿಯಿಂದಲೇ ಕುಡಿಯುತ್ತದೆ. ಹುಟ್ಟಿದ ಮರಿ ಸುಮಾರು 3 ಅಡಿ ಎತ್ತರ, ತಾಯಿ 7ರಿಂದ 8 ಅಡಿ. ಹಾಗಾಗಿ ಮರಿ ತಾಯಿಯ ಹೊಟ್ಟೆಯಡಿ ನಿಲ್ಲುವಂತಿರಬೇಕು. ಈ ಅಳತೆ ಸರಿಯಾದರೆ ತಾಯಿ ಮರಿಯನ್ನು ಕಾಯುತ್ತಿದೆ ಎಂದು ಬೇರೆ ಬರೆಯಬೇಕಾಗಿಲ್ಲ.

ಇನ್ನು ನರಿ. ನಮ್ಮ ಮಕ್ಕಳ ಪುಸ್ತಕಗಳ ನರಿ ಕಿತ್ತಳೆ ಬಣ್ಣದ್ದು, ಬಾಲದ ತುದಿ ಬೆಳ್ಳಗೆ. ಅದು ಯುರೋಪಿನ ಕಥೆಗಳಿಂದ ಓಡಿಬಂದದ್ದು. ಸಂಜೆ ಗುಡ್ಡದಲ್ಲಿ ಊಳಿಡುವ ನಮ್ಮ ನರಿಯ ಮೈ ಬೂದು ಬೆರೆತ ಕಂದು, ಬಾಲದ ತುದಿ ಕಪ್ಪು. ಅಂದ ಹಾಗೆ, ಅದರ ಸಂಸಾರದಲ್ಲಿ ಮರಿಗಳಿಗೆ ಆಹಾರ ತಂದು ಕಕ್ಕಿ ಕೊಡುವುದು ತಾಯಿ ಮಾತ್ರವಲ್ಲ, ತಂದೆಯೂ ಹೌದು.

ಹಕ್ಕಿಗಳಲ್ಲಂತೂ ಗಂಡು ಹೆಣ್ಣು ಅದಲುಬದಲಾಗುವುದೇ ಹೆಚ್ಚು. ‘ಗೀಜಗದ ಅಮ್ಮ ಗೂಡು ಹೆಣೆಯಿತು’ ಎಂದು ಬರೆದರೆ ತಪ್ಪು. ಹೆಣೆಯುವುದು ಹಳದಿ ನೆತ್ತಿಯ ಗಂಡು. ಅರ್ಧ ಹೆಣೆದ ಗೂಡುಗಳನ್ನು ನೋಡಿ ಒಂದನ್ನು ಆರಿಸಿ, ಮುಂದೆ ಮೊಟ್ಟೆಗೆ ಕಾವು ಕೊಡುವುದು ಕಂದು ಬಣ್ಣದ ಹೆಣ್ಣು. ಕೂಗುವ ಕರಿಯ ಕೋಗಿಲೆ ಗಂಡು. ಚುಕ್ಕೆ ಮೈಯ ಹೆಣ್ಣು ಕಾಗೆಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಆ ಪುಟ ಸಲ್ಲಬೇಕಾದ್ದು ಕಾಗೆಗೆ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕೂತು, ಒಂದು ಸೀಳು ಉಳಿಸಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಹಣ್ಣು ತಂದು ಕೊಡುವುದು ಗಂಡು. ಚಿತ್ರದಲ್ಲಿ ಸೀಳಿನಿಂದ ಕೊಕ್ಕಿನ ತುದಿ ಮಾತ್ರ ಕಾಣಲಿ.

ಎಲ್ಲ ತಾಯಂದಿರೂ ಮರಿ ಸಾಕುವುದಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ಚಂದ್ರಗಿರಿ ಹೊಳೆಯ ದೊಡ್ಡ ಮೆದುಚಿಪ್ಪಿನ ಆಮೆಯನ್ನು, ಮಲಯಾಳದಲ್ಲಿ ಪಾಲಪ್ಪೂವನ್ ಆಮ ಎನ್ನುವುದನ್ನು, ಜಿಲ್ಲಾ ಪಂಚಾಯತ್ 2023ರಲ್ಲಿ ಜಿಲ್ಲೆಯ ಪ್ರಾಣಿಯಾಗಿ ಘೋಷಿಸಿದೆ. ಹಾಗಾಗಿ ಪುಸ್ತಕದಲ್ಲಿ ಅದಕ್ಕೊಂದು ಪುಟ ಬೇಕೇ ಬೇಕು. ಆದರೆ ಆ ತಾಯಿ ಹೊಳೆದಂಡೆಯ ಮರಳಲ್ಲಿ ಮೊಟ್ಟೆಯಿಟ್ಟು ಮುಚ್ಚಿ ನೀರಿಗೆ ಮರಳುತ್ತದೆ, ಮರಿಗಳನ್ನು ಸಾಲಾಗಿ ನಡೆಸಿಕೊಂಡು ಹೋಗುವುದಿಲ್ಲ. ಮೊಟ್ಟೆಯಿಟ್ಟ ಗುಳಿ ತೀರಾ ತಗ್ಗಿನಲ್ಲಿದ್ದು ನೀರು ಏರಿದರೆ ಮೊಟ್ಟೆ ಕೆಡುತ್ತದೆ. ಅದರ ತಾಯ್ತನವೆಲ್ಲ ಜಾಗ ಆರಿಸುವುದರಲ್ಲಿದೆ, ಅದನ್ನೇ ತೋರಿಸಿ. ಬೆನ್ನ ಮೇಲೆ ಆರು ಮೂಲೆಯ ಬಿಲ್ಲೆಗಳು ಬೇಡ, ಅದರ ಚಿಪ್ಪು ಚಪ್ಪಟೆ, ತೊಗಲಿನಂತೆ ನುಣುಪು. ಹಿನ್ನೆಲೆಗೆ ಪೈನ್ ಮರದ ಬದಲು ಕಾಸರಕದ ಮರ ಬರಲಿ, ಅದೂ ಜಿಲ್ಲೆಯ ಮರವೇ.

ಚಿಪ್ಪುಹಂದಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದನ್ನು ಬಾಲದ ಬುಡದ ಮೇಲೆ ಕೂರಿಸಿಕೊಂಡು ನಡೆಯುತ್ತದೆ, ಹೆದರಿದರೆ ಮರಿಯನ್ನು ಒಳಗಿಟ್ಟು ಉಂಡೆಯಾಗುತ್ತದೆ. ಎರಡು ಪುಟಕ್ಕೆ ಇಷ್ಟು ಸಾಕು.

ಅಚ್ಚಿನ ವಿಷಯ. ಮಡಚಿ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಗಳು 4ರ ಗುಣಕದಲ್ಲೇ ಇರಬೇಕು. 16 ಅಥವಾ 24 ಪುಟ ಚಿಕ್ಕ ಮಕ್ಕಳಿಗೆ ಸರಿ. ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಮರಿಯ ಮುಖ ನಡುಮಡಿಕೆಗೆ ಬಂದರೆ ಕಾಣದು. ಸುತ್ತ 3 ಮಿಲಿಮೀಟರ್ ಬಣ್ಣ ಹೆಚ್ಚಿಗೆ ಬಿಡದಿದ್ದರೆ ಅಂಚು ಕತ್ತರಿಸುವಾಗ ಬಿಳಿ ಗೆರೆ ಉಳಿಯುತ್ತದೆ. ಅಕ್ಷರ 24 ಪಾಯಿಂಟ್ ಇದ್ದರೆ ಸಾಲಿನ ಅಂತರ 36 ಇರಲಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪುಟ ಕಟ್ಟುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕದೆ ಹೋದರೆ ‘ಅಮ್ಮ’ನ ಒತ್ತೇ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ!

ಮಲಯಾಳದಿಂದ ಅನುವಾದಿಸುವವರೂ ಎಚ್ಚರವಹಿಸಬೇಕು. ಅಲ್ಲಿ ‘ಪಶು’ ಎಂದರೆ ದನ. ಹಾಗೆಯೇ ಉಳಿಸಿದರೆ ಕನ್ನಡದ ಮಗುವಿಗೆ ಯಾವ ಪ್ರಾಣಿಯೋ ತಿಳಿಯದು. ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಎಂದು ಹಲವು. ಪ್ರತಿ ಪ್ರಾಣಿಯ ಕೆಳಗೆ ಒಂದು ಖಾಲಿ ಗೆರೆ ಬಿಟ್ಟರೆ ನರಿಯ ಪಕ್ಕ ಒಬ್ಬ ‘ಕುದ್ಕೆ’ ಎಂದು, ಇನ್ನೊಬ್ಬಳು ‘ಕುರುಕ್ಕನ್’ ಎಂದು ಬರೆದುಕೊಳ್ಳುತ್ತಾರೆ.

ಕೊಳ್ಳುವವರು ಇಡೀ ಪುಸ್ತಕ ಓದಬೇಕಾಗಿಲ್ಲ. ಆನೆಯ ಕೆಚ್ಚಲು, ನರಿಯ ಬಣ್ಣ, ಗೀಜಗದ ಗೂಡು ಈ ಮೂರನ್ನು ನೋಡಿ. ಮೂರೂ ತಪ್ಪಿದ್ದರೆ ಪುಸ್ತಕವನ್ನು ಅಲ್ಲಿಯೇ ಬಿಟ್ಟು ಬನ್ನಿ.

– ಮಕ್ಕಳ ಪುಸ್ತಕಗಳ ಕೆಲಸದಲ್ಲಿರುವ ಇಬ್ಬರು, ಬದಿಯಡ್ಕ