ತೋರಿಸುವ ಮೊದಲೇ ನೋಂದಣಿ ಮಾಡಿಸಬೇಕಿತ್ತಂತೆ!

ಮಾನ್ಯ ಸಂಪಾದಕರೇ,

ನಕಲಿ ಕರಕುಶಲ ಸಾಮಾನಿನ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ದೂರು ಕೊಟ್ಟರೆ ಕ್ರಮ ತಗೊಳ್ಳುತ್ತೇವೆ ಎಂದು ಅಧಿಕಾರಿಗಳು ಅದರಲ್ಲಿ ಹೇಳಿದ್ದಾರೆ. ಆ ಮಾತು ನಂಬಿ ನಿನ್ನೆ ಕೆಲಸ ಬಿಟ್ಟು ದೂರು ಕೊಡಲು ಅವರ ಕಚೇರಿಗೆ ಹೋದೆ. ಬರಿಗೈಲಿ ವಾಪಸ್ ಬಂದೆ.

ನಾನು ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಕೆಲಸ ಮಾಡುವವನು. ಬಾಳೆಲೆ ಆಕಾರದ ಊದುಬತ್ತಿ ಸ್ಟ್ಯಾಂಡ್ ನಾನೇ ಯೋಚಿಸಿ ಮಾಡಿದ್ದು. ಎಲೆಯ ನಡುವೆ ಸಣ್ಣ ಕಾಲುವೆ ಕೊರೆದಿದ್ದೇನೆ, ಬೂದಿ ಅಲ್ಲೇ ಬೀಳುತ್ತದೆ. ತುದಿಯನ್ನು ಬೆರಳಷ್ಟು ಎತ್ತಿ, ಎಡಕ್ಕೆ ಬಾಗಿಸಿ, ಅಲ್ಲಿ ಕಡ್ಡಿಗೆ ತೂತು. ಆ ಬಾಗು ಸರಿಯಾಗಿ ಬರುವಷ್ಟರಲ್ಲಿ 11 ತುಂಡು ಮರ ಹಾಳಾಯಿತು. ಕಳೆದ ವಾರ ದೇವರಾಜ ಮಾರುಕಟ್ಟೆ ಕಡೆ ಹೋದರೆ ಅದೇ ಎಲೆ, ಅದೇ ಬಾಗು, ಪ್ಲಾಸ್ಟಿಕ್‌ನಲ್ಲಿ 90 ರೂಪಾಯಿ! ನನ್ನದು 450. ಇನ್ನು ನನ್ನ ಹತ್ತಿರ ಯಾರು ಬರುತ್ತಾರೆ?

ಬೆಳಿಗ್ಗೆ ಹತ್ತೂವರೆಗೆ ಕಚೇರಿಗೆ ಹೋದವನನ್ನು ಎರಡು ಗಂಟೆವರೆಗೂ ಸುಮ್ನೆ ಕೂರಿಸಿದರು. ಕೊನೆಗೆ ಕೇಳಿದ್ದು ಒಂದೇ ಮಾತು, ‘ಡಿಸೈನ್ ನೋಂದಣಿ ಇದೆಯಾ?’ ಇಲ್ಲ, ಈಗಲೇ ಮಾಡಿಸುತ್ತೇನೆ ಎಂದೆ. ‘ಪ್ರದರ್ಶನದಲ್ಲಿಟ್ಟು ಮಾರಿಬಿಟ್ಟಿದ್ದೀರಲ್ಲ, ಇನ್ನು ಆಗಲ್ಲ’ ಎಂದರು.

ಪರಿಚಯದ ವಕೀಲರನ್ನು ಕೇಳಿದೆ. 2000ರ ಡಿಸೈನ್ ಕಾಯ್ದೆಯಲ್ಲೂ ಹಾಗೇ ಇದೆಯಂತೆ. ವಸ್ತು ನೋಡಲು ಹೇಗಿದೆ, ಅಷ್ಟಕ್ಕೆ ಮಾತ್ರ ಅದರ ರಕ್ಷಣೆ. ಆದರೆ ಜನರಿಗೆ ತೋರಿಸುವ ಮೊದಲೇ ಅರ್ಜಿ ಹಾಕಿರಬೇಕು. ನಮ್ಮಂಥವರಿಗೆ ಅರ್ಜಿ ಶುಲ್ಕ 1,000 ರೂಪಾಯಿ. 10 ವರ್ಷ ಯಾರೂ ನಕಲು ಮಾಡುವಂತಿಲ್ಲ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಕೇಂದ್ರ ಸರ್ಕಾರ ಹೆಸರಿಸಿದ ಪ್ರದರ್ಶನವಾದರೆ, ಮೊದಲೇ ತಿಳಿಸಿ ಇಟ್ಟವರಿಗೆ ಅರ್ಜಿ ಹಾಕಲು ಆರು ತಿಂಗಳ ಅವಕಾಶವೂ ಇದೆ. ಸಾವಿರ ರೂಪಾಯಿ ನಾನು ಕಟ್ಟುತ್ತಿರಲಿಲ್ಲವಾ? ಮೈಸೂರು ಬೀಟೆ ಕುಸುರಿಗೆ ಜಿಐ, ಅಂದರೆ ಭೌಗೋಳಿಕ ಗುರುತು, ಇದೆಯಲ್ಲ ಎಂದು ನಿಶ್ಚಿಂತೆಯಾಗಿದ್ದೆ. ಅದು ಊರಿನ ಕಸುಬಿಗೆ ಸಿಕ್ಕಿದ್ದು. ನನ್ನ ಸ್ಟ್ಯಾಂಡಿನ ಆಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲವಂತೆ.

ಜಾಸ್ತಿ ಹೊಟ್ಟೆ ಉರಿಯುವುದು ಇದಕ್ಕೆ: ಪ್ರದರ್ಶನಕ್ಕೆ ನನ್ನನ್ನು ಕರೆದವರೇ ಅಧಿಕಾರಿಗಳು. ‘ಹೊಸ ಮಾಡೆಲ್ ತನ್ನಿ, ಹೊಸ ಮಾಡೆಲ್ ತನ್ನಿ’ ಎಂದು ನಾಲ್ಕು ಸಲ ಫೋನ್ ಮಾಡಿದ್ದರು. ಮೊದಲು ನೋಂದಣಿ ಮಾಡಿಸಿ ಎಂದು ಒಬ್ಬರಾದರೂ ಬಾಯಿಬಿಟ್ಟರಾ? ಇವರು ಯಾವತ್ತೂ ಹೀಗೇ. ಕುಶಲಕರ್ಮಿ ಕಾರ್ಡಿಗೆ ಎರಡು ವರ್ಷ ಅಲೆಸಿದರು, ಫೋಟೊ ಎರಡು ಸಲ ಕಳೆದುಹಾಕಿದರು. ನಮ್ಮ ಬೀದಿಯ ಚರಂಡಿ ಉಕ್ಕಿ ಒಣಗಲು ಇಟ್ಟ ಮರವೆಲ್ಲ ನೆನೆದಾಗ ನೋಡಲು ಬಂದವರೂ ಇಲ್ಲ.

ಈಗಲಾದರೂ ನಮ್ಮ ಬೀದಿಗೇ ಬಂದು ಕೂತು ಅರ್ಜಿ ತುಂಬಿಸಲಿ. ಆ ಪ್ಲಾಸ್ಟಿಕ್ ಮಾಲನ್ನೂ ನಿಲ್ಲಿಸಲಿ. ಚರಂಡಿಯನ್ನೂ ನೋಡಲಿ. ಇದ್ಯಾವುದೂ ಆಗಲ್ಲ ಅಂದರೆ, ಮುಂದಿನ ಪ್ರದರ್ಶನಕ್ಕೆ ಹೊಸ ಮಾಡೆಲ್ ಕೇಳಿಕೊಂಡು ನಮ್ಮ ಬಾಗಿಲಿಗೆ ಬರುವುದು ಬೇಡ.

– ನೊಂದ ಕುಶಲಕರ್ಮಿ, ಮಂಡಿ ಮೊಹಲ್ಲಾ, ಮೈಸೂರು