ಕುರ್ಚಿ ಮ್ಯಾಲೆ ಯಾಕೆ ಕೂರಿಸ್ತೀಯವ್ವ

ದಾವಣಗೆರೆ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಉಭಯ ಕುಶಲೋಪರಿ ಈ ಸಲ ಬಿಟ್ಟುಬಿಡ್ತೀನಿ. ಮನೆ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿಯೇ ಇರ್ತಾನೆ. ನಿನ್ನ ಪತ್ರ ಮೊನ್ನೆ ಸಂಜೆ ಬಂತು. ಓಬವ್ವನ ಜಯಂತಿ ದಿನದ ಕಾರ್ಯಕ್ರಮ, ಆವತ್ತು ಸನ್ಮಾನ ಮಾಡಬೇಕು ಅಂತಿರೋರ ಹೆಸರುಗಳ ಪಟ್ಟಿ, ಹಾಲ್ ಬಾಡಿಗೆ, ಎಲ್ಲ ಓದಿದೆ. ಓದಿ ಮಡಚಿಟ್ಟ ಮೇಲೆ ಒಂದು ಸಾಲು ಮಾತ್ರ ತಲೆಯಿಂದ ಇಳೀತಾ ಇಲ್ಲ. ಆ ಸೂಲಗಿತ್ತಿ ಅಜ್ಜಿಯನ್ನ ಕರೆಯೋಕೆ ಹೋದಾಗ ಆಯಮ್ಮ ಅಂದಳಂತಲ್ಲ, "ನನ್ನ ಯಾಕೆ ಕುರ್ಚಿ ಮ್ಯಾಲೆ ಕೂರಿಸ್ತೀಯವ್ವ, ನಾನೇನ್ ತಪ್ಪು ಮಾಡೀನಿ?" ಅಂತ. ಅದರ ಕೆಳಗೆ ನೀನು, "ದೊಡ್ಡಪ್ಪ, ಮರ್ಯಾದೆ ಮಾಡೋಕೆ ಹೋಗಿ ಅವಮಾನ ಮಾಡಿಬಿಡ್ತೀವೇನೋ ಅಂತ ಭಯ" ಅಂತ ಬರೆದಿದ್ದೀಯ.

"ಏನೂ ಆಗಲ್ಲ, ಧೈರ್ಯವಾಗಿ ಮಾಡು" ಅಂತ ಎರಡು ಸಾಲು ಬರೆದು ಹಾಕೋಣ ಅಂತ ಕೂತೆ. ಕೈ ಓಡಲಿಲ್ಲ. ಯಾಕಂದ್ರೆ ಆಗುತ್ತೆ. ನಾನೇ ಮಾಡಿದ್ದೀನಿ.

ಮೊದಲು ಆಯಮ್ಮನ ಮಾತು. ನೀನು ಅದನ್ನ ಮುಗ್ಧತೆ ಅಂತ ಬರೆದಿದ್ದೀಯ, ನನಗೆ ಹಾಗನ್ನಿಸಲಿಲ್ಲ. ಯೋಚನೆ ಮಾಡು, ಆಯಮ್ಮನನ್ನ ಕುರ್ಚಿ ಹಾಕಿ ಕೂರಿಸಿ, ಹೆಸರು ಕೇಳಿ, ಬರ್ಕೊಂಡಿದ್ದು ಯಾರು, ಯಾವಾಗ? 2005ರಲ್ಲಿ ಸರ್ಕಾರದ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅಂತ ಊರೂರಿಗೆ ಬಂದು ಹೇಳಿದರು. ಒಳ್ಳೇದೇ ಆಯ್ತು, ಎಷ್ಟೋ ಜೀವ ಉಳೀತು. ಆದರೆ ಅಲ್ಲಿಯವರೆಗೆ ಸರಿರಾತ್ರಿಯಲ್ಲಿ ಬಾಗಿಲು ಬಡಿದು ಕರ್ಕೊಂಡು ಹೋಗ್ತಿದ್ದ ಸೂಲಗಿತ್ತಿಯರಿಗೆ, ಒಂದು ಬೆಳಗ್ಗೆ ಎದ್ದು ನೋಡಿದರೆ ತಾವು ಮಾಡ್ತಿದ್ದದ್ದೇ ತಪ್ಪು ಅನ್ನೋ ಹಾಗಾಯ್ತು. ಕುರ್ಚಿ ಅಂದ್ರೆ ಅವರಿಗೆ ವಿಚಾರಣೆ. ಇನ್ನೊಂದು ಮಾತೂ ಇದೆ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೆಯ ಕೂಸನ್ನ ಮೊದಲು ಮುಟ್ಟಿದಳೋ ಆ ಮನೆಯ ಪಡಸಾಲೆಯಲ್ಲಿ ಆಯಮ್ಮ ಎಂದಾದರೂ ಕುರ್ಚಿ ಮೇಲೆ ಕೂತಿದ್ದಳಾ?

ಈಗ ನನ್ನ ಕಥೆ. ನಿಮ್ಮಪ್ಪನಿಗೂ ಪೂರ್ತಿ ಹೇಳಿಲ್ಲ.

1997ರ ಆಗಸ್ಟಿನಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯ್ತು. ಅಲ್ಲಿಯವರೆಗೂ ನಿಮ್ಮ ಚಿತ್ರದುರ್ಗವೇ ನಮಗೂ ಜಿಲ್ಲೆ, ಒಂದು ಸಹಿಗೆ ಅಲ್ಲಿಗೆ ಓಡಬೇಕಿತ್ತು. ಹೊಸ ಜಿಲ್ಲೆಯ ಮೊದಲ ರಾಜ್ಯೋತ್ಸವ ಅಂತ ಓಣಿ ಓಣಿಯಲ್ಲಿ ಪೆಂಡಾಲ್. ನಾನಾಗ ಮಂಡಿಯಲ್ಲಿ ಲೆಕ್ಕ ಬರೀತಿದ್ದೆ, ನಮ್ಮ ಓಣಿಯ ಕನ್ನಡ ಸಂಘಕ್ಕೆ ಕಾರ್ಯದರ್ಶಿ. ಎಲ್ಲರೂ ದೊಡ್ಡವರಿಗೇ ಹಾರ ಹಾಕ್ತಾರೆ, ನಾವು ಎಲೆಮರೆ ಕಾಯಿಯನ್ನ ಹುಡುಕೋಣ ಅಂದವನು ನಾನೇ. ಮಂಡಿಗೆ ಭತ್ತ ತರೋ ರೈತರು ಒಬ್ಬ ಸೌಡಿಯ, ಅಂದ್ರೆ ಚಾನಲ್ ನೀರು ನೋಡ್ಕೊಳ್ಳೋ ಆಳಿನ, ವಿಷಯ ಹೇಳ್ತಿದ್ದರು. ಭದ್ರಾ ಚಾನಲ್‌ನ ಕೊನೆ ಭಾಗ ಅಂದ್ರೆ ನಿನಗೆ ಗೊತ್ತಲ್ಲ, ಮೇಲಿನವರು ಕುಡಿದು ಬಿಟ್ಟಿದ್ದು ಕೆಳಗಿನವರಿಗೆ. ಈ ಮನುಷ್ಯ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡ್ಕೊಂಡು ಏರಿ ಮೇಲೆ ನಡೆದು, ಮೇಲಿನವರು ಕದ್ದು ಎತ್ತಿದ ತೂಬು ಇಳಿಸಿ, ಕೊನೆ ಗದ್ದೆಗೆ ನೀರು ಮುಟ್ಟಿದ ಮೇಲೆ ಮನೆಗೆ ಹೋಗ್ತಿದ್ದ. ದಿನಗೂಲಿ. ಅದೂ ಮೂರು ತಿಂಗಳಿಗೊಮ್ಮೆ ಬಂದರೆ ಬಂತು.

ಸಂಜೆ ನಾಲ್ಕಕ್ಕೆ ಬಾ ಅಂದಿದ್ದೆವು. ಮೂರೂವರೆಗೇ ಬಂದು ಕೂತಿದ್ದ, ಒಗೆದ ಪಂಚೆ, ಇಸ್ತ್ರಿ ಇಲ್ಲದ ಬಿಳಿ ಅಂಗಿ. ಮುಖ್ಯ ಅತಿಥಿಗಳು ಬಂದಿದ್ದು ಎಂಟೂವರೆಗೆ. ಅಷ್ಟು ಹೊತ್ತು ನೀರು ಬೇಕಾ ಅಂತಲೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಮೈಕಿನವನ ಜೊತೆ ಜಗಳ ಆಡ್ತಿದ್ದೆ. ಭಾಷಣಗಳೆಲ್ಲ ಮುಗಿದ ಮೇಲೆ ಅವನ ಸರದಿ. ನಿರೂಪಣೆಯ ಹುಡುಗ "ಕಡುಬಡತನದಲ್ಲಿ ಹುಟ್ಟಿದ" ಅಂತ ಶುರು ಮಾಡಿದ. ಅದನ್ನ ಬರೆದುಕೊಟ್ಟಿದ್ದು ಯಾರು ಅಂತ ಕೇಳಬೇಡ. ಪೇಟ ಇಟ್ಟರು, ಹಣೆ ಮೇಲೆ ಜಾರ್ತಿತ್ತು. ಫೋಟೋದವನು "ಸ್ವಲ್ಪ ಬಗ್ಗಿ" ಅಂದ. ಬಗ್ಗಿದ. ಊರಿನ ಕಡೇ ಬಸ್ಸು ಹೊರಟುಹೋಗಿತ್ತು. ಹಣ್ಣಿನ ಬುಟ್ಟಿ ತಲೆಕೆಳಗೆ ಇಟ್ಕೊಂಡು ಬಸ್ ಸ್ಟ್ಯಾಂಡಿನಲ್ಲಿ ಮಲಗಿದನಂತೆ.

ಇಷ್ಟೇ ಆಗಿದ್ದರೆ ನಾನೂ ಮರೀತಿದ್ದೆ. ನವೆಂಬರ್ ಮೊದಲ ವಾರ, ಭತ್ತ ಕಾಳು ಕಟ್ಟೋ ಹೊತ್ತು. ಸೌಡಿ ಊರಲ್ಲಿಲ್ಲ ಅಂತ ಗೊತ್ತಾಗಿ ಆ ರಾತ್ರಿ ಮೇಲಿನವರು ತೂಬು ಎತ್ತಿದರು. ಕೊನೆ ಗದ್ದೆ ಒಣಗಿತು. ಬೆಳಗ್ಗೆ ಬುಟ್ಟಿ ಹಿಡ್ಕೊಂಡು ಬಸ್ಸಿಳಿದವನಿಗೆ ಅವನು ಯಾರಿಗೆ ನೀರು ಕೊಟ್ಟಿದ್ದನೋ ಅವರೇ, "ಏನಪ್ಪಾ, ಸನ್ಮಾನ ಆಯ್ತಾ?" ಅಂದರಂತೆ. ಮಂಡಿಗೆ ಬಂದ ರೈತನೇ ನಗ್ತಾ ನನಗೆ ಹೇಳಿದ. ನಾನೂ ನಕ್ಕೆ. ಆ ನಗು ಇವತ್ತಿಗೂ ಗಂಟಲಲ್ಲಿ ಮುಳ್ಳಿನ ಹಾಗೆ ಇದೆ.

ಹೋಗಿ ಮಾತಾಡಿಸಬೇಕು ಅಂತ ಅನ್ಕೊಂಡು ಅನ್ಕೊಂಡು ಒಂಬತ್ತು ವರ್ಷ ಕಳೆದೆ. ಹೋಗುವ ಹೊತ್ತಿಗೆ ಅವನಿರಲಿಲ್ಲ. ಹೆಂಡತಿ ಚಹಾ ಕೊಟ್ಟಳು. ನೆನಪಿನ ಕಾಣಿಕೆ ಗೂಡಿನಲ್ಲಿತ್ತು, ಅದರಲ್ಲಿ ಅವನ ಅಪ್ಪನ ಹೆಸರು ತಪ್ಪು. ಶಾಲು ಎಲ್ಲಿ ಅಂದೆ. "ಚಳಿಗೆ ತಲೆಗೆ ಸುತ್ಕೊಂಡು ಚಾನಲ್ ಮ್ಯಾಲೆ ಹೋಗ್ತಿದ್ರು, ಹರಿದೋಯ್ತು" ಅಂದಳು. ನಾವು ಕೊಟ್ಟಿದ್ದರಲ್ಲಿ ಅದೊಂದು ಕೆಲಸಕ್ಕೆ ಬಂತು ನೋಡು.

ಅದಕ್ಕೇ ನಿನ್ನ ಭಯ ಸುಳ್ಳಲ್ಲ ಅಂತೀನಿ. ಆದರೆ ಭಯ ಇದೆ ಅಂತ ಕೈಬಿಡು ಅಂತಲೂ ನನ್ನ ಬಾಯಲ್ಲಿ ಬರ್ತಾ ಇಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ್ದು ಗೊತ್ತು, "ಮಾಡಿದಷ್ಟು ನೀಡು ಭಿಕ್ಷೆ" ಗೊತ್ತು. ಮಣ್ಣು ಹೊತ್ತವರಲ್ಲಿ ಒಬ್ಬರ ಹೆಸರಾದರೂ ಗೊತ್ತಾ ನಮಗೆ? ಓಬವ್ವನ ಹೆಸರಲ್ಲಿ ಸರ್ಕಾರ ಜಯಂತಿ ಮಾಡೋಕೆ ಶುರು ಮಾಡಿದ್ದೇ 2021ರಲ್ಲಿ, ದುರ್ಗ ಬಿದ್ದಿದ್ದು 1779ರಲ್ಲಿ. ಗಂಡನಿಗೆ ಊಟಕ್ಕೆ ನೀರು ತರೋಕೆ ಹೋದ ಹೆಂಗಸು ಆಕೆ. ಆವತ್ತು ಆಕೆಯನ್ನ ನಿಲ್ಲಿಸಿ ಕೇಳಿದ್ದರೆ ಆಕೆಯೂ "ನಾನೇನ್ ತಪ್ಪು ಮಾಡೀನಿ" ಅಂತಿದ್ದಳೇನೋ. ಚಳ್ಳಕೆರೆ ಗಡಿ ದಾಟಿದರೆ ಪಾವಗಡ. ಅಲ್ಲಿಯ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಕಾಸು ಮುಟ್ಟದೆ. ಪದ್ಮಶ್ರೀ ಬಂದಿದ್ದು 2018ರಲ್ಲಿ, ತೊಂಬತ್ತು ದಾಟಿದ ಮೇಲೆ. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ತಡ ಮಾಡೋದೂ ಒಂದು ಅವಮಾನವೇ ಅಲ್ವೇನವ್ವ? ಒಂಬತ್ತು ವರ್ಷದ ಲೆಕ್ಕ ನನ್ನ ಹತ್ತಿರ ಇದೆ.

ಬುದ್ಧಿ ಹೇಳೋಕೆ ನನಗೆ ಯೋಗ್ಯತೆ ಇಲ್ಲ, ಆದರೂ ಕೇಳಿದ್ದೀಯ. ಆಯಮ್ಮನ ಮನೆಗೆ ಇನ್ನೊಂದು ಸಲ ಹೋಗು. ಪಟ್ಟಿ, ಪೆನ್ನು ಒಯ್ಯಬೇಡ. ಒಲ್ಲೆ ಅಂದರೆ ಒತ್ತಾಯ ಮಾಡಬೇಡ, ಅಲ್ಲೇ ಕಟ್ಟೆ ಮೇಲೆ ಆಯಮ್ಮನ ಪಕ್ಕ ಕೂತು ಬಾ. ಬರ್ತೀನಿ ಅಂದರೆ, ಆಯಮ್ಮ ಎತ್ತಿಕೊಂಡ ಮಕ್ಕಳಿದ್ದಾರಲ್ಲ, ಈಗ ಅವರಿಗೇ ಮಕ್ಕಳಾಗಿರಬೇಕು, ಅವರಲ್ಲಿ ನಾಲ್ಕು ಜನರನ್ನ ಕರೆಸು. ಗುರುತಿನ ಮುಖ ಇದ್ದರೆ ಕುರ್ಚಿ ಅಷ್ಟು ಚುಚ್ಚಲ್ಲ ಅಂತ ನನ್ನ ಅಂದಾಜು. ತಪ್ಪಿದ್ದರೂ ಇರಬಹುದು.

ನಿನ್ನ ಪಟ್ಟಿಯಲ್ಲಿರೋ, ಅನಾಥ ಶವಗಳಿಗೆ ಮಣ್ಣು ಮಾಡೋ ಹುಡುಗರ ಬಗ್ಗೆ ನನಗೆ ಚಿಂತೆ ಇಲ್ಲ, ಅವರು ಫೋಟೋ ಸ್ಟೇಟಸ್‌ಗೆ ಹಾಕಿಕೊಂಡು ಖುಷಿಯಾಗಿರ್ತಾರೆ. ಅವರ ಅಧ್ಯಕ್ಷನೊಬ್ಬನಿಗೇ ಹಾರ ಹಾಕಿ ಮುಗಿಸಬೇಡ ಅಷ್ಟೇ, ಗುಂಡಿ ತೋಡೋ ಹುಡುಗನೂ ಮೇಲೆ ಬರಲಿ.

ಮತ್ತೆ ಆಯಮ್ಮನ ವಿಷಯಕ್ಕೇ ಬಂದೆ ನೋಡು. ಕರ್ಕೊಂಡು ಬರೋಕೆ, ವಾಪಸ್ ಬಿಡೋಕೆ ಗಾಡಿ ಮಾಡು, ದುಡ್ಡು ನಾನು ಕಳಿಸ್ತೀನಿ. ಅತಿಥಿ ಬರಲಿ ಬಿಡಲಿ, ಹೇಳಿದ ಹೊತ್ತಿಗೆ ಆಯಮ್ಮನದು ಮೊದಲು ಮುಗಿಸು. ಹೆಸರು ಆಯಮ್ಮನ ಬಾಯಿಂದಲೇ ಕೇಳಿ ಬರ್ಕೋ, ಆಧಾರ್ ಕಾರ್ಡ್ ನೋಡಿ ಬರೀಬೇಡ. ಅಲ್ಲಿರೋದು ಎಷ್ಟೋ ಸಲ ತಪ್ಪೇ. ಬಡತನದ ಮಾತು ಮೈಕಿನಲ್ಲಿ ಬೇಡ. ಶಾಲು ಉಣ್ಣೆಯದು ತಗೋ, ಆ ಹೊಳೆಯೋದು ಬೇಡ. ಆವತ್ತು ಮನೆಯಲ್ಲಿ ಆಡು ಕುರಿ ಯಾರು ನೋಡ್ಕೊಳ್ತಾರೆ ಅಂತ ಕೇಳಿದ್ದೀಯಾ? ಅದನ್ನ ಮೊದಲು ಕೇಳು.

ನಾನೂ ಬರ್ತೀನಿ. ಆದರೆ ವೇದಿಕೆಗೆ ಕರೀಬೇಡ, ಹಿಂದಿನ ಸಾಲಲ್ಲಿ ಆಯಮ್ಮನ ಜೊತೆ ಕೂತಿರ್ತೀನಿ, ನೀರು ಬೇಕಾ ಅಂತ ಕೇಳೋಕೆ ಒಬ್ಬರು ಬೇಕಲ್ಲ. ಬರುವಾಗ ಮಂಡಕ್ಕಿ ತರೋಣ ಅಂತಿದ್ದೀನಿ. ಆಯಮ್ಮನಿಗೆ ಹಲ್ಲು ಇದಾವೋ ಇಲ್ಲವೋ ಬರೆದು ತಿಳಿಸು. ಇಲ್ಲದಿದ್ದರೆ ಬೆಣ್ಣೆ ದೋಸೆ ಕಟ್ಟಿಸ್ಕೊಂಡು ಬರ್ತೀನಿ. ದುರ್ಗ ಮುಟ್ಟೋ ಹೊತ್ತಿಗೆ ಆರಿರುತ್ತೆ, ಬೈದರೆ ಬೈಸ್ಕೊಳ್ತೀನಿ.

ಇಂತಿ,
ನಿನ್ನ ದೊಡ್ಡಪ್ಪ