ರೂಟರ್ ಅಲ್ಲ, ಹಲಸಿನ ಮರದ ಹತ್ತಿರದ ಜಾಯಿಂಟ್ ನೋಡಿ

ಗ್ರಾಹಕ ಸೇವೆಯವರಿಗೆ,

ವಿಷಯ: ಮಳೆ ಬಂದಾಗಲೆಲ್ಲ ಬೀಳುವ ಇಂಟರ್ನೆಟ್ ವೇಗ

ಮಾನ್ಯರೇ,

ನಮ್ಮದು ಶಿರಸಿ ತಾಲ್ಲೂಕಿನ ಹುಲೇಕಲ್ ಕಡೆಯ ತೋಟದ ಮನೆ. ಎರಡು ವರ್ಷದಿಂದ ನಿಮ್ಮ 100 ಎಂಬಿಪಿಎಸ್ ಫೈಬರ್ ಪ್ಲಾನ್ ಇದೆ. ಒಂದು ತಿಂಗಳೂ ಬಿಲ್ ತಡ ಮಾಡಿಲ್ಲ. ಜೂನ್‌ನಿಂದ ಇದು ನನ್ನ ಐದನೇ ದೂರು. ಹಿಂದಿನ ನಾಲ್ಕಕ್ಕೂ ಒಂದೇ ಉತ್ತರ ಬಂತು: "ರೂಟರ್ ಆಫ್ ಮಾಡಿ ಆನ್ ಮಾಡಿ. ಗೋಡೆ ಇದ್ದರೆ ವೈಫೈ ಕಡಿಮೆಯೇ."

ಗೋಡೆಯ ವಿಷಯ ನನಗೂ ಗೊತ್ತು. ಚಿರೇಕಲ್ಲಿನ ಹಳೇ ಮನೆ. 5 ಗಿಗಾಹರ್ಟ್ಸ್ ವೈಫೈ ಜಗಲಿ ದಾಟಿ ಅಡುಗೆಮನೆಗೆ ಬರುವುದಿಲ್ಲ, 2.4 ಹೇಗೋ ತಲುಪುತ್ತದೆ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಹಾಗಾಗಿಯೇ ವೈಫೈ ಬಿಟ್ಟು, ಮನೆಯ ಫೋನು, ಟಿವಿ ಎಲ್ಲ ಬಂದ್ ಮಾಡಿ, ಲ್ಯಾಪ್‌ಟಾಪಿಗೆ ನೇರ ಲ್ಯಾನ್ ಕೇಬಲ್ ಹಾಕಿ ನೋಡಿದೆ. ಮಳೆ ಹೊಳವಾದ ದಿನ ವೇಗ 93 ಎಂಬಿಪಿಎಸ್. ಗಾಳಿ ಮಳೆ ಜೋರಾದರೆ 6, ಆಮೇಲೆ 4, ಆಮೇಲೆ ಕೆಂಪು ದೀಪ. ಗೋಡೆ ಮಳೆಗೊಮ್ಮೆ ದಪ್ಪ ಆಗುವುದಿಲ್ಲ ಅಲ್ವಾ?

ತಪ್ಪು ಎಲ್ಲಿದೆ ಎಂದು ನನಗೆ ಕಾಣುತ್ತಿದೆ. ಜೂನ್ ಗಾಳಿಗೆ ಹಲಸಿನ ಕೊಂಬೆ ಬಿದ್ದು ನಿಮ್ಮ ಕೇಬಲ್ ತುಂಡಾಯಿತು. ಬಂದ ಹುಡುಗ ಮಳೆಯಲ್ಲೇ ನೆನೆದುಕೊಂಡು ಜೋಡಿಸಿಕೊಟ್ಟ. ಅವನ ಮೇಲೆ ನನಗೆ ಬೇಸರವಿಲ್ಲ. ಆದರೆ ಜಾಯಿಂಟಿಗೆ ಡಬ್ಬಿ ಇಲ್ಲ, ಸುಮ್ನೆ ಟೇಪ್ ಸುತ್ತಿದ್ದು. ಕೇಬಲ್ ಕಂಬದ ಹತ್ತಿರ ಚೂಪಾಗಿ ಮಡಚಿಕೊಂಡಿದೆ. ಫೈಬರಿನಲ್ಲಿ ಓಡುವುದು ಬೆಳಕು. ಹಾಗೆ ಮಡಚಿದರೆ ಬೆಳಕು ಅಲ್ಲೇ ಹೊರಗೆ ಸೋರುತ್ತದೆ.

ಮನೆಯೊಳಗೆ ನೀವು ಹಾಕಿಕೊಟ್ಟ ಫೈಬರ್ ಪೆಟ್ಟಿಗೆಯೇ ಸಾಕ್ಷಿ. ಅದರ ಸೆಟ್ಟಿಂಗ್ಸ್ ಪುಟದಲ್ಲಿ ಬೆಳಕಿನ ಅಳತೆ ಇರುತ್ತದೆ. ಕೇಬಲ್ ಹಾಕಿದ ದಿನ ಮೈನಸ್ 19 ಡಿಬಿಎಂ ಇತ್ತು, ಬರೆದಿಟ್ಟಿದ್ದೇನೆ. ಮೊನ್ನೆ ಮಳೆಯಲ್ಲಿ ಮೈನಸ್ 28, ಅಂದರೆ 9 ಡಿಬಿ ಕಡಿಮೆ. ಪ್ರತಿ 3 ಡಿಬಿ ಇಳಿದರೆ ಬೆಳಕು ಅರ್ಧ ಆಗುತ್ತದೆ. 9 ಇಳಿದರೆ ಉಳಿಯುವುದು ಎಂಟನೇ ಒಂದು ಪಾಲು. ಅಷ್ಟರಲ್ಲಿ ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದರೂ ಏನು ಬಂತು?

ಸಂಜೆ ಎಲ್ಲರೂ ಒಟ್ಟಿಗೆ ನೋಡುವಾಗ ವೇಗ ಸ್ವಲ್ಪ ಇಳಿಯುತ್ತದೆ. ಒಂದೇ ಫೈಬರ್ ಹಲವು ಮನೆಗೆ ಹಂಚಿಹೋಗುತ್ತದೆ, ಅಷ್ಟು ನಾನೂ ಒಪ್ಪುತ್ತೇನೆ. ಆದರೆ ಇದು ಬೇರೆಯದೇ.

ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ. ಮಳೆಗಾಲವಿಡೀ ಊರಿನಲ್ಲಿ ಇರಬಹುದು ಎಂದೇ ಬಂದವಳು. ಕಳೆದ ವಾರ ಎರಡು ಸಲ ಮೀಟಿಂಗ್ ನಡುವೆ ಲೈನ್ ಹೋಯಿತು. ಇನ್ನೂ ಹೀಗೇ ಆದರೆ ವಾಪಸ್ ಹೋಗುತ್ತೇನೆ ಎನ್ನುತ್ತಿದ್ದಾಳೆ. ನನಗೆ ಆ ಮಾತೇ ಜಾಸ್ತಿ ನೋವು.

ನಾನು ಕೇಳುವುದು ಇಷ್ಟು. ಫೈಬರಿನ ಬೆಳಕು ಅಳೆಯುವ ಪವರ್ ಮೀಟರ್ ಹಿಡಿದ ಒಬ್ಬರನ್ನು ಕಳಿಸಿ. ತುಂಡಾದಲ್ಲಿ ಹೊಸದಾಗಿ ಸ್ಪ್ಲೈಸ್ (ಫೈಬರ್ ಜೋಡಣೆ) ಮಾಡಿಸಿ, ನೀರು ಹೋಗದ ಡಬ್ಬಿಯಲ್ಲಿ ಹಾಕಿಸಿ, ಮಡಚಿದ ಕೇಬಲ್ ಬಿಡಿಸಿ. ಜೂನ್‌ನಿಂದ ಲೈನ್ ಇಲ್ಲದ 11 ದಿನದ ಹಣವನ್ನು ಮುಂದಿನ ಬಿಲ್‌ನಲ್ಲಿ ಕಡಿಮೆ ಮಾಡಿ. ತಾರೀಕುಗಳ ಪಟ್ಟಿ, ವೇಗದ ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಬರುವವರು ಹಿಂದಿನ ದಿನ ಒಂದು ಫೋನ್ ಮಾಡಲಿ. ಏಣಿ ನಮ್ಮ ಮನೆಯಲ್ಲೇ ಇದೆ.

ಇಂತಿ,
ನಿಮ್ಮ ಗ್ರಾಹಕ